ದೊಡ್ಡ ಚೂರು

ಆ ಅಂಗಡಿಗೆ ಬೋರ್ಡು ಇರಲಿಲ್ಲ. ಇದ್ದದ್ದು ಯಾವುದೋ ಗಾಳಿಗೆ ಕಿತ್ತು ಬಿದ್ದ ಮೇಲೆ ಮತ್ತೆ ಏರಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಅಕ್ಕತಂಗಿ ಅಂಗಡಿ ಎಲ್ಲಿ ಎಂದು ಕೇಳಿದರೆ ಬೀದಿಯ ತುದಿಯ ಬ್ರೆಡ್ಡಿನವನೂ ಕೈ ಮಾಡಿ ತೋರಿಸುತ್ತಿದ್ದ. ಒಳಗೆ ಹೋದರೆ ಬಲಕ್ಕೆ ಉದ್ದನೆಯ ಮೇಜು, ಅದರ ಮೇಲೆ ಬಗ್ಗಿಕೊಂಡು ಬಟ್ಟೆಗೆ ಸೀಮೆಸುಣ್ಣದಿಂದ ಗೆರೆ ಎಳೆಯುವ ತಂಗಿ. ಎಡಕ್ಕೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಕ್ಕ. ತಂಗಿ ಬಟ್ಟೆ ಕತ್ತರಿಸಿ ಹೊಲಿಯುವವಳು, ಅಕ್ಕ ಗುಂಡಿ ತೂರಿಸುವ ಕಾಜಾ ಹಾಕಿ, ಗುಂಡಿ ಹೊಲಿಯುವವಳು. ಹಿಂದಿನ ಬಾಗಿಲು ದಾಟಿದರೆ ಅವರ ಮನೆ. ಒಂದು ಕೋಣೆಯಲ್ಲಿ ಎರಡು ಮಂಚ, ಇನ್ನೊಂದು ಕೋಣೆಯಲ್ಲಿ ಒಲೆ. ಇಬ್ಬರೂ ಎಪ್ಪತ್ತು ದಾಟಿದವರು.

ಅಕ್ಕ ಮದುವೆಯಾಗಿ, ಬೇಗನೆ ಗಂಡನನ್ನು ಕಳೆದುಕೊಂಡು, ಒಂದು ಪೆಟ್ಟಿಗೆ ಹಿಡಿದು ವಾಪಸು ಬಂದವಳು. ತಂಗಿ ಆ ತಂಟೆಗೇ ಹೋದವಳಲ್ಲ. ಅವಳ ಬಾಯಿಗೆ ಹೆದರಿ ಗಿರಾಕಿಗಳು ಹೇಳಿದ ದಿನಕ್ಕೇ ಬಂದು ಬಟ್ಟೆ ತೆಗೆದುಕೊಂಡು ಹೋಗುತ್ತಿದ್ದರು; ಬೇರೆ ಅಂಗಡಿಗಳಲ್ಲಿ ಗಿರಾಕಿ ದರ್ಜಿಯನ್ನು ಬೈದರೆ ಇಲ್ಲಿ ಉಲ್ಟಾ. ಆದರೆ ಬೈಸಿಕೊಂಡವರು ಮತ್ತೆ ಬರುತ್ತಿದ್ದರು. ಅಕ್ಕನ ಕಾಜಾ ಹಾಗಿತ್ತು. ಎಳೆ ಎಳೆಯೂ ಒಂದರ ಪಕ್ಕ ಒಂದು ಕೂತು, ಹತ್ತು ವರ್ಷ ತೊಳೆದರೂ ಬಾಯಿ ಬಿಡದ ಕಾಜಾ. ಒಂದು ಅಂಗಿಯ ಎಲ್ಲ ಕಾಜಾಗಳನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ಕೂದಲೆಳೆಯಷ್ಟು ವ್ಯತ್ಯಾಸ ಸಿಗುತ್ತಿರಲಿಲ್ಲ.

ಇಂಥವಳಿಗೆ ಒಂದು ಕಿತ್ತಳೆ ಹಣ್ಣನ್ನು ಸಮವಾಗಿ ಕೊಯ್ಯಲು ಬರುತ್ತಿರಲಿಲ್ಲ ಎಂದರೆ ನಂಬುತ್ತೀರಾ? ತಂಗಿಗೆ ಇದು ಹುಟ್ಟಿದಾಗಿನಿಂದ ತಮಾಷೆಯ ವಿಷಯ. ಅವರ ಅಮ್ಮ ಜಗಳ ತಪ್ಪಿಸಲು ಒಂದು ಕಾಯಿದೆ ಮಾಡಿದ್ದಳು. ಮನೆಗೆ ಏನೇ ಬರಲಿ, ಒಬ್ಬಳು ಕೊಯ್ಯಬೇಕು, ಇನ್ನೊಬ್ಬಳು ಮೊದಲು ಆರಿಸಬೇಕು. ದೊಡ್ಡವಳ ಕೈಗೆ ಚಾಕು, ಚಿಕ್ಕವಳ ಕೈಗೆ ಆಯ್ಕೆ. ಅಕ್ಕ ಕೊಯ್ದದ್ದು ಯಾವಾಗಲೂ ಒಂದು ಕಡೆ ದೊಡ್ಡದು, ಒಂದು ಕಡೆ ಚಿಕ್ಕದು. ತಂಗಿ ಕಣ್ಣು ಮಿಟುಕಿಸದೆ ದೊಡ್ಡದನ್ನು ಎತ್ತಿಕೊಂಡು, "ನಿನ್ನ ಕೈಗೆ ಅಳತೆ ಅನ್ನೋದೇ ಇಲ್ಲ, ಹೇಗೆ ದರ್ಜಿ ಆದೆಯೋ!" ಎಂದು ನಗುತ್ತಿದ್ದಳು. ಎಪ್ಪತ್ತರಲ್ಲೂ ಅದೇ ಹಣ್ಣು, ಅದೇ ಮಾತು. ಅಕ್ಕ ಸುಮ್ಮನೆ ನಕ್ಕು ಚಿಕ್ಕ ಚೂರನ್ನು ತಿನ್ನುತ್ತಿದ್ದಳು.

ಅಕ್ಕ ನಿಧಾನವಾದದ್ದು ಯಾವಾಗ ಎಂದು ಕೇಳಿದರೆ ತಂಗಿಗೆ ಸರಿಯಾಗಿ ಹೇಳಲು ಬರುವುದಿಲ್ಲ. ಕತ್ತಲಾಗುವುದನ್ನು ಯಾರು ನೋಡುತ್ತಾರೆ, ದೀಪ ಹಚ್ಚುವಾಗ ತಾನೇ ತಿಳಿಯುವುದು. ಮೊದಲು ಚಳಿ ಎಂದಳು. ಎಲ್ಲರೂ ಬೆವರುವ ದಿನಗಳಲ್ಲಿ ಎರಡು ಸ್ವೆಟರ್ ಹಾಕಿಕೊಂಡು ಬಿಸಿಲಿಗೆ ಕುರ್ಚಿ ಎಳೆದುಕೊಂಡಳು. ಆಮೇಲೆ ದನಿ ಗೊಗ್ಗರಾಯಿತು. ಮುಖ ಊದಿಕೊಂಡಿತು, ಹುಬ್ಬಿನ ಹೊರತುದಿಯ ಕೂದಲು ಉದುರಿತು, ಹೇಳಿದ ಮಾತು ಅವಳ ಕಿವಿಯಿಂದ ತಲೆಗೆ ಹೋಗಲು ಹೊತ್ತು ಹಿಡಿಯಿತು. ಕೊನೆಗೆ ಒಂದು ಅಂಗಿಯ ಕಾಜಾ ಮುಗಿಸಲು ಬೆಳಗಿನಿಂದ ಸಂಜೆಯಾಗತೊಡಗಿತು.

ತಂಗಿ ಮೊದಲು ಮಾಡಿದ ಚಿಕಿತ್ಸೆ ಬೈಗುಳ. "ಕೂತಲ್ಲೇ ಬೇರು ಬಿಟ್ಟಿದೀಯಲ್ಲೇ! ನಿನ್ನ ಕೈಲಿ ಸೂಜಿ ಇದೆಯೋ, ಹಾರೆ ಇದೆಯೋ?" ಅಕ್ಕ ತಲೆಯೆತ್ತಿ, ಸ್ವಲ್ಪ ಹೊತ್ತು ಬಿಟ್ಟು, "ಹ್ಞೂಂ, ಮಾಡ್ತೀನಿ" ಎನ್ನುತ್ತಿದ್ದಳು. ಬಂದು ಹೋಗುವವರೆಲ್ಲ ವಯಸ್ಸಾಯ್ತಲ್ಲ ಎಂದರು. ವಯಸ್ಸು ಎನ್ನುವುದು ಎಂಥ ಅನುಕೂಲದ ಮಾತು! ಅದನ್ನು ಹೇಳಿಬಿಟ್ಟರೆ ಮುಂದೆ ಯಾರೂ ಏನೂ ಹುಡುಕಬೇಕಾಗಿಲ್ಲ. ತಂಗಿಯೂ ಅದನ್ನೇ ನಂಬಿಬಿಡುತ್ತಿದ್ದಳೋ ಏನೋ. ಆದರೆ ಒಂದು ದಿನ ಅಕ್ಕ ಊಟದ ತಟ್ಟೆಯ ಮುಂದೆ ಕೈ ಎತ್ತದೆ ಕೂತು, "ತಿನ್ನೋಕೂ ಸುಸ್ತು ಕಣೇ" ಎಂದಳು. ತಂಗಿ ಮರುದಿನ ಅಂಗಡಿಯ ಬಾಗಿಲು ಹಾಕಿ ಅಕ್ಕನನ್ನು ಕರೆದುಕೊಂಡು ಡಾಕ್ಟರಮ್ಮನ ಬಳಿ ಹೋದಳು.

ಡಾಕ್ಟರಮ್ಮ ಅಕ್ಕನ ಕತ್ತು ಮುಟ್ಟಿ ನೋಡಿ, ರಕ್ತ ತೆಗೆಸಿದರು. ಇದು ಮನೆತನದಲ್ಲಿ ಬರುವುದುಂಟು ಎಂದು ತಂಗಿಯದ್ದನ್ನೂ ತೆಗೆಸಿದರು. ಫಲಿತಾಂಶ ಬಂದಾಗ ಹೇಳಿದರು: "ಅಜ್ಜಿ, ನಿಮ್ಮ ಕತ್ತಿನಲ್ಲಿರೋ ಥೈರಾಯ್ಡ್ ಗ್ರಂಥಿ ಕೆಲಸ ಮಾಡ್ತಾ ಇಲ್ಲ. ಮೈಯೆಲ್ಲ ಅದಕ್ಕೇ ನಿಧಾನ ಆಗಿದೆ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೇಲಿ ನೀರಿನ ಜೊತೆ ಒಂದು ಮಾತ್ರೆ. ಬಿಡಬಾರದು." ಆಮೇಲೆ ತಂಗಿಯ ಕಡೆ ತಿರುಗಿ, "ನಿಮ್ಮದೂ ಒಂಚೂರು ಆಚೀಚೆ ಇದೆ. ಈ ವಯಸ್ಸಿಗೆ ಅದು ಸಹಜ. ನಿಮಗೆ ಮಾತ್ರೆ ಬೇಡ, ಕೊಟ್ಟರೂ ಉಪಯೋಗ ಇಲ್ಲ, ತೊಂದರೆಯೇ ಜಾಸ್ತಿ" ಎಂದರು.

ಅಕ್ಕ ಮನೆ ಬಾಗಿಲಲ್ಲಿ ನಿಂತು, "ಒಂದೇ ಹೊಟ್ಟೇಲಿ ಹುಟ್ಟಿದವರು ನಾವು. ನಿನ್ನದೂ ಆಚೀಚೆ ಇದೆ ಅಂದ್ರಲ್ಲ. ನಿನಗ್ಯಾಕೆ ಕೊಡಲಿಲ್ಲ?" ಎಂದಳು.

"ಅಯ್ಯೋ, ಮಾತ್ರೆ ಸಿಗಲಿಲ್ಲ ಅಂತ ಅಳೋರನ್ನ ಇವತ್ತೇ ನೋಡಿದ್ದು. ಒಳಗೆ ಬಾರೆ, ತಂದ ಬಿಸಿ ಬ್ರೆಡ್ಡು ಆರಿ ಹೋಗುತ್ತೆ" ಎಂದು ತಂಗಿ ಅವಳ ಮಾತನ್ನು ಅಲ್ಲಿಗೇ ತಳ್ಳಿಹಾಕಿದಳು.

ಮಾತ್ರೆ ಕೆಲಸ ಮಾಡಿತು. ಎರಡು ತಿಂಗಳಾಗುವ ಹೊತ್ತಿಗೆ ಅಕ್ಕ ಒಂದು ಸ್ವೆಟರ್ ಬಿಚ್ಚಿದಳು. ಮುಖದ ಊತ ಇಳಿಯಿತು. ಮೊದಲಿನ ಹಾಗೆ ತಂಗಿಗಿಂತ ಮುಂಚೆ ಎದ್ದು, ನೀರು ಕಾಯಿಸಿ, ತನ್ನ ಮಾತ್ರೆ ನುಂಗಿ, ತಂಗಿಯ ಮಂಚಕ್ಕೆ ಒಂದು ಲೋಟ ಬಿಸಿನೀರು ತಂದುಕೊಡತೊಡಗಿದಳು. ಆ ಲೋಟ ಕಂಡ ಮೊದಲ ಬೆಳಿಗ್ಗೆ ತಂಗಿ ಹೊದಿಕೆಯೊಳಗೆ ಮುಖ ಹುದುಗಿಸಿ ಅತ್ತಳು. ಎದ್ದಾಗ ಮಾತ್ರ, "ನೀರು ಇನ್ನೂ ಸ್ವಲ್ಪ ಕಾಯಬೇಕಿತ್ತು" ಎಂದಳು. ಅವಳಿಗೆ ಅವಳ ಅಕ್ಕ ವಾಪಸು ಬಂದಿದ್ದಳು. ಅದಕ್ಕಿಂತ ಹೆಚ್ಚು ಅವಳು ಯಾವ ದೇವರ ಹತ್ತಿರವೂ ಏನೂ ಕೇಳಿದವಳಲ್ಲ.

ಒಂದು ಮಾತ್ರ ಪೂರ್ತಿ ವಾಪಸು ಬರಲಿಲ್ಲ, ಅಕ್ಕನ ಬೆರಳು. ಕಾಜಾದ ಎಳೆಗಳು ಅಲ್ಲಲ್ಲಿ ಸಡಿಲವಾಗಿ, ಅಂಚು ಅಂಕುಡೊಂಕಾಗುತ್ತಿತ್ತು. ಡಾಕ್ಟರಮ್ಮ ಇನ್ನೂ ಸ್ವಲ್ಪ ಕಾಯಿರಿ ಎಂದಿದ್ದರು. ತಂಗಿ ಗಿರಾಕಿಗೂ ಹೇಳಲಿಲ್ಲ, ಅಕ್ಕನಿಗೂ ಹೇಳಲಿಲ್ಲ. ಮಧ್ಯಾಹ್ನ ಅಕ್ಕ ಕಿಟಕಿಗೆ ಒರಗಿ ತೂಕಡಿಸುವಾಗ ಆ ಕಾಜಾಗಳನ್ನು ಸದ್ದಿಲ್ಲದೆ ಬಿಚ್ಚಿ, ತಾನೇ ಹೊಸದಾಗಿ ಹಾಕಿ, ಅಂಗಿಯನ್ನು ಮತ್ತೆ ಅಕ್ಕನ ಮಡಿಲಿಗೆ ಜಾರಿಸುತ್ತಿದ್ದಳು. ಕತ್ತರಿಸುವುದು, ಹೊಲಿಯುವುದು, ಅದರ ಮೇಲೆ ಇದು. ಸಂಜೆಯ ಹೊತ್ತಿಗೆ ಮೇಜಿಗೆ ತಲೆಯಿಟ್ಟು, "ಸಾಕಪ್ಪಾ ಸಾಕು" ಎನ್ನುತ್ತಿದ್ದಳು.

ಹಾಗಿರುವಾಗ ಅಕ್ಕ ಮತ್ತೆ ಜಾರತೊಡಗಿದಳು. ಬಿಚ್ಚಿದ ಸ್ವೆಟರ್ ಮೈಮೇಲೆ ಬಂತು. ದನಿ ಮತ್ತೆ ಗೊಗ್ಗರು. ಡಾಕ್ಟರಮ್ಮ ರಕ್ತ ನೋಡಿ ಹುಬ್ಬೇರಿಸಿ ಮಾತ್ರೆಯ ಬಲ ಹೆಚ್ಚಿಸಿದರು. ಮುಂದಿನ ಸಲವೂ ಅದೇ ಕಥೆ. ಹಾಲಿನ ಜೊತೆ ತಗೊಳ್ತೀರಾ? ಬೇರೆ ಮಾತ್ರೆ ಜೊತೆ ತಗೊಳ್ತೀರಾ? ಮರೀತೀರಾ? ಎಲ್ಲಕ್ಕೂ ಅಕ್ಕ ಇಲ್ಲ ಎಂದು ತಲೆಯಾಡಿಸಿದಳು. ತಂಗಿಗೆ ಅನುಮಾನ ಬಂತು. ಮರುದಿನದಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದಳು.

"ಎಲ್ಲಿ, ಬಾಯಿ ತೆಗಿ."

ಅಕ್ಕ ಶಾಲೆಯ ಮಗುವಿನಂತೆ ನಾಲಿಗೆ ಚಾಚುತ್ತಿದ್ದಳು. ಅದರ ಮೇಲೆ ಬೆಳ್ಳಗೆ ಏನೋ ಇರುತ್ತಿತ್ತು. ಎದ್ದ ಕೂಡಲೇ ತಂಗಿಯ ಮೂಗಿನ ಮೇಲೆ ಕನ್ನಡಕ ಇರುವುದಿಲ್ಲವಲ್ಲ. ಬೆಳ್ಳಗೆ ಕಂಡಿತು, ಸಾಕು. "ಹ್ಞಾಂ, ನುಂಗು" ಎಂದು ತನ್ನ ಲೋಟದ ಬಿಸಿನೀರು ಕುಡಿದು ಎದ್ದುಬಿಡುತ್ತಿದ್ದಳು.

ಅಡುಗೆಮನೆಯ ಕಟ್ಟೆಯ ಮೇಲೆ ಬಿಳಿ ಪುಡಿ ಚೆಲ್ಲಿರುವುದನ್ನೂ ಅವಳು ನೋಡಿದ್ದಳು. ಸೂಜಿ ಚುಚ್ಚದಿರಲೆಂದು ಅಕ್ಕ ಬೆರಳಿಗೆ ಹಾಕುತ್ತಿದ್ದ ಹಿತ್ತಾಳೆಯ ಟೋಪಿ ಅಲ್ಲೇ ಇರುತ್ತಿತ್ತು, ಅದರ ಗುಳಿಗಳಲ್ಲೂ ಅದೇ ಪುಡಿ. ಬೇರೆ ಯಾರ ಮನೆಯಲ್ಲಾದರೂ ಇದೇನೆಂದು ಕೇಳುತ್ತಿದ್ದರು. ದರ್ಜಿಗಳ ಮನೆಯಲ್ಲಿ ಬಿಳಿ ಪುಡಿ ಯಾರಿಗೆ ವಿಶೇಷ? ಸೀಮೆಸುಣ್ಣದ ಪುಡಿ ಅನ್ನದಲ್ಲೂ ಸಿಗುತ್ತಿತ್ತು, ಹಾಸಿಗೆಯಲ್ಲೂ ಸಿಗುತ್ತಿತ್ತು. "ಅಡುಗೆಮನೆಗೂ ಸೀಮೆಸುಣ್ಣ ತಂದು ಉದುರಿಸ್ತೀಯಲ್ಲ, ನಿನಗೇನು ಬುದ್ಧಿಗಿದ್ಧಿ ಇದೆಯಾ?" ಎಂದು ಬೈದು ಬಟ್ಟೆಯಿಂದ ಒರೆಸಿ ಹಾಕಿದಳು.

ಇತ್ತ ತಂಗಿಗೇ ಏನೋ ಹುರುಪು. ಸಂಜೆ ಮೇಜಿಗೆ ತಲೆಯಿಡುವುದು ನಿಂತಿತು. ಒಂದರ ಹಿಂದೆ ಒಂದು ಬಟ್ಟೆ ಕತ್ತರಿಸಿ ಎಸೆದಳು, ಪರದೆಗಳನ್ನೆಲ್ಲ ಇಳಿಸಿ ಒಗೆದಳು, ಬ್ರೆಡ್ಡಿನವನ ಜೊತೆ ಸುಮ್ಮಸುಮ್ಮನೆ ಜಗಳ ತೆಗೆದಳು. ಅಕ್ಕ ಕುರ್ಚಿಯಿಂದ ಅವಳನ್ನೇ ನೋಡುತ್ತ ನಿಧಾನವಾಗಿ ನಗುತ್ತಿದ್ದಳು. ಬರಬರುತ್ತ ಹುರುಪು ಬೇರೆ ರೂಪ ತಾಳಿತು. ನಿದ್ದೆ ಹಾರಿಹೋಯಿತು. ಲಂಗದ ದಾರ ಇನ್ನೂ ಇನ್ನೂ ಬಿಗಿಯಬೇಕಾಯಿತು. ಸುಮ್ಮನೆ ಕೂತಾಗಲೂ ಎದೆ ಓಡಿಬಂದವರ ಎದೆಯಂತೆ ಬಡಿದುಕೊಳ್ಳುತ್ತಿತ್ತು. ಅಕ್ಕನ ಚಿಂತೆಯೇ ತನಗೆ ಹೀಗೆ ಮಾಡುತ್ತಿದೆ ಎಂದುಕೊಂಡಳು. ಒಂದು ದಿನ ಕೋಟಿನ ಬಟ್ಟೆಯ ಮೇಲೆ ಅವಳ ಕತ್ತರಿ ಸೀಮೆಸುಣ್ಣದ ಗೆರೆ ಬಿಟ್ಟು ಒಳಗೆ ಹೋಯಿತು. ಜೀವಮಾನದಲ್ಲಿ ಆಗದ್ದು. ಕೈ ನೋಡಿಕೊಂಡಳು, ಬೆರಳು ಗಡಗಡ ನಡುಗುತ್ತಿತ್ತು. ಅಕ್ಕನಿಗೆ ಕಾಣದಂತೆ ಆ ತುಂಡನ್ನು ಮಡಚಿ ಮೇಜಿನ ಕೆಳಗೆ ತುರುಕಿದಳು.

ಚಳಿಗಾಲ ಬಂತು. ಅಕ್ಕನಿಗೆ ನೆಗಡಿಯಾಯಿತು, ನೆಗಡಿ ಎದೆಗಿಳಿಯಿತು. ಒಂದು ಬೆಳಿಗ್ಗೆ ಲೋಟದ ಬಿಸಿನೀರು ಬರಲಿಲ್ಲ. ತಂಗಿ ತಿರುಗಿ ನೋಡಿದರೆ ಅಕ್ಕ ಮಂಚದಲ್ಲೇ ಇದ್ದಳು. ಕರೆದರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿದಳು. ಮುಟ್ಟಿದರೆ ಮೈ ನೆಲದ ಹಾಗೆ ತಣ್ಣಗಿತ್ತು. ಬ್ರೆಡ್ಡಿನವನೇ ಓಡಿಬಂದು, ಜಗಳವೆಲ್ಲ ಮರೆತು, ತನ್ನ ವ್ಯಾನಿನಲ್ಲಿ ಇಬ್ಬರನ್ನೂ ಆಸ್ಪತ್ರೆಗೆ ಮುಟ್ಟಿಸಿದ.

ಆಸ್ಪತ್ರೆಯಲ್ಲಿ ಅಕ್ಕನಿಗೆ ಮುಖವಾಡದಂಥ ನಳಿಗೆಯಿಂದ ಗಾಳಿ ಕೊಟ್ಟರು, ಕೈಗೆ ಸೂಜಿ ಚುಚ್ಚಿ ಔಷಧಿ ಹರಿಸಿದರು. ತಂಗಿ ಮಂಚದ ಕಂಬಿ ಹಿಡಿದುಕೊಂಡು ನಿಂತಿದ್ದವಳು ಹಾಗೇ ಕುಸಿದಳು. ನರ್ಸು ಎತ್ತಿ ಕೂರಿಸಿ ನಾಡಿ ಹಿಡಿದವಳು, ಕೈ ಬಿಡದೆ ಡಾಕ್ಟರನ್ನು ಕೂಗಿದಳು. ತಂಗಿಯ ಎದೆಗೂ ವೈರು ಅಂಟಿಸಿದರು, ರಕ್ತ ತೆಗೆದರು.

ಮರುದಿನ ವಾರ್ಡಿನ ಯುವಡಾಕ್ಟರು ಅವಳ ಪಕ್ಕ ಸ್ಟೂಲು ಎಳೆದುಕೊಂಡು ಕೂತ. "ಅಜ್ಜಿ, ನೀವು ಥೈರಾಯ್ಡ್ ಮಾತ್ರೆ ಎಷ್ಟು ದಿನದಿಂದ ತಗೊಳ್ತಿದೀರಾ?"

"ನಾನಲ್ಲಪ್ಪ, ನಮ್ಮಕ್ಕ."

"ಅವರದ್ದು ಬೇರೆ. ಅವರ ರಕ್ತ ನೋಡಿದರೆ ಕೊಟ್ಟ ಮಾತ್ರೆ ಪೂರ್ತಿ ಒಳಗೆ ಹೋಗಿಲ್ಲ. ನಿಮ್ಮ ರಕ್ತ ನೋಡಿದರೆ ಬೇಡದ ಮಾತ್ರೆ ದಿನಾ ತಗೊಂಡೋರ ಹಾಗಿದೆ. ಅದಕ್ಕೇ ಎದೆ ಹೀಗೆ ತಾಳ ತಪ್ಪಿರೋದು."

"ನಾನ್ಯಾಕೆ ತಗೊಳ್ಳಲಿ? ನಾನು ಬೆಳಿಗ್ಗೆ ಎದ್ದು ಬರೀ..."

ಬರೀ ಬಿಸಿನೀರು. ಅಡುಗೆಮನೆಯ ಕಟ್ಟೆ, ಹಿತ್ತಾಳೆಯ ಟೋಪಿ, ಅದರ ಗುಳಿಗಳಲ್ಲಿ ಕೂತ ಬಿಳಿ ಪುಡಿ ಎಲ್ಲವೂ ಒಟ್ಟಿಗೆ ಕಣ್ಣಮುಂದೆ ಬಂದವು. ತಾನೇ ಬೈದು ಬೈದು ಒರೆಸಿದ ಪುಡಿ.

ಆ ಸಂಜೆ ಅಕ್ಕನಿಗೆ ಸ್ವಲ್ಪ ಎಚ್ಚರವಾಯಿತು. ನಳಿಗೆ ಸರಿಸಿ ಎರಡು ಚಮಚ ಗಂಜಿ ಕುಡಿಸಿದರು. ನರ್ಸು ಅತ್ತ ಹೋದದ್ದೇ ತಡ, ತಂಗಿ ಅಕ್ಕನ ಕಿವಿಗೆ ಬಾಯಿಟ್ಟಳು.

"ಏನೇ ಮಾಡಿದೆ ನೀನು? ನಿನ್ನ ಮಾತ್ರೆ ನನ್ನ ನೀರಿಗೆ ಹಾಕ್ತಿದ್ದೆಯಾ?"

ಅಕ್ಕ "ಅರ್ಧ" ಎಂದಳು.

"ಯಾಕೇ? ಯಾಕೆ? ಹುಚ್ಚು ಹಿಡಿದಿತ್ತಾ ನಿನಗೆ?"

"ಕೂಗಬೇಡ. ಪಕ್ಕದೋರು ಮಲಗಿದಾರೆ." ಅಕ್ಕ ಉಸಿರು ಎಳೆದುಕೊಂಡಳು. "ಮಧ್ಯಾಹ್ನ ನೀನು ನನ್ನ ಕಾಜಾ ಬಿಚ್ಚಿ ಹಾಕ್ತಿದ್ದೆ. ನಾನು ನೋಡ್ದೆ. ಕಣ್ಣು ಮುಚ್ಚಿಕೊಂಡೇ ಇದ್ದೆ, ನಿನಗೆ ನಾಚಿಕೆ ಆಗಬಾರದಲ್ಲ."

"ಅದಕ್ಕೆ?"

"ಇಬ್ಬರ ಕೆಲಸ ನೀನೊಬ್ಬಳೇ ಮಾಡ್ತಿದ್ದೆ. ಒಬ್ಬಳ ಮಾತ್ರೆ ಇಬ್ಬರು ತಗೊಂಡ್ರೆ ಏನಾಯ್ತು?"

"ನನಗೆ ಬೇಡ ಅಂತ ಡಾಕ್ಟರಮ್ಮ ಬಾಯಿಬಿಟ್ಟು ಹೇಳಿದ್ರಲ್ಲೇ!"

"ಹೇಳ್ತಾರೆ. ಸಂಜೆ ನೀನು ಮೇಜಿಗೆ ತಲೆ ಇಡೋದನ್ನ ಅವರು ನೋಡಿದಾರಾ? ನಾನು ನೋಡಿದೀನಿ." ಮತ್ತೆ ಉಸಿರಿಗೆ ನಿಂತಳು. ಊದಿದ ಮುಖದಲ್ಲಿ, ಹುಬ್ಬಿಲ್ಲದ ಕಣ್ಣುಗಳಲ್ಲಿ, ಏನೋ ಗೆದ್ದವರ ಸಂತೋಷ ಕಾಣಿಸಿತು. "ಚುರುಕಾದೆ ಅಲ್ವಾ? ಪರದೆ ಎಲ್ಲಾ ಒಗೆದೆ."

ತಂಗಿಯ ನಾಲಿಗೆಯ ತುದಿಗೆ ಎಲ್ಲವೂ ಬಂದಿತ್ತು. ಹಾರಿಹೋದ ನಿದ್ದೆ, ನಡುಗುವ ಕೈ, ಮೇಜಿನ ಕೆಳಗೆ ತುರುಕಿದ ಕೋಟಿನ ತುಂಡು, ಎದೆಗೆ ಅಂಟಿಸಿದ ವೈರು. ಊರಿಗೆಲ್ಲ ಮುಖಕ್ಕೆ ಹೊಡೆದ ಹಾಗೆ ನಿಜ ಹೇಳಿಕೊಂಡು ಬಂದ ನಾಲಿಗೆ ಅದು. ಈ ಒಂದು ಸಲ ಅದನ್ನು ಕಚ್ಚಿ ಹಿಡಿದಳು.

"ಹೌದು ಅಕ್ಕ. ಆದೆ."

"ನೋಡು ಮತ್ತೆ" ಎಂದು ಅಕ್ಕ ಕಣ್ಣು ಮುಚ್ಚಿದಳು. ತಂಗಿ ಅವಳ ಕಾಲಿಗೆ ಇನ್ನೊಂದು ಹೊದಿಕೆ ಹೊದಿಸಿ, ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು. ಎಷ್ಟು ಉಜ್ಜಿದರೂ ಅದು ಬೆಚ್ಚಗಾಗಲಿಲ್ಲ.

ಆ ವಾರ ಕಳೆಯುವ ಮೊದಲೇ ಅಕ್ಕ ಹೋದಳು. ಎದೆಯ ಕಫ ಇಳಿಯಲಿಲ್ಲ. ಸೂಜಿಯಲ್ಲಿ ಸುರಿದ ಔಷಧಿಯನ್ನು ಹಿಡಿದುಕೊಳ್ಳುವ ಶಕ್ತಿ ಆ ಮೈಯಲ್ಲಿ ಉಳಿದಿರಲಿಲ್ಲ. ಯುವಡಾಕ್ಟರು, "ಸ್ವಲ್ಪ ಮುಂಚೆ ಗೊತ್ತಾಗಿದ್ದರೆ..." ಎಂದು ಶುರುಮಾಡಿ, ತಂಗಿಯ ಮುಖ ನೋಡಿ ನಿಲ್ಲಿಸಿದ. ಒಳ್ಳೆಯ ಹುಡುಗ. ಆದರೆ ಹೇಳಿದ್ದಷ್ಟೇ ಸಾಕಾಗಿತ್ತು. ಬೆಳ್ಳಗೆ ಕಂಡಿತು, ಸಾಕು ಎಂದು ಎದ್ದುಹೋದ ಒಂದೊಂದು ಬೆಳಿಗ್ಗೆಯನ್ನೂ ತಂಗಿ ಲೆಕ್ಕ ಹಾಕಿದಳು. ಕನ್ನಡಕ ಕೈಗೆಟುಕುವಷ್ಟೇ ದೂರದಲ್ಲಿ ಇರುತ್ತಿತ್ತು.

ಎಲ್ಲ ಮುಗಿಸಿ ಅವಳು ಒಬ್ಬಳೇ ಮನೆಗೆ ಬಂದಳು. ಬ್ರೆಡ್ಡಿನವನು ಬಾಗಿಲವರೆಗೆ ಬಂದು ಒಂದು ಪೊಟ್ಟಣ ಕೈಗಿತ್ತು ಹೋದ. ಮಂಚದ ಮೇಲೆ ಅಕ್ಕನ ಸ್ವೆಟರ್ ಬಿದ್ದಿತ್ತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅರ್ಧ ಕಾಜಾ ಹಾಕಿದ ಅಂಗಿ, ಸೂಜಿ ಅದರಲ್ಲೇ ಚುಚ್ಚಿಕೊಂಡಿತ್ತು. ತಂಗಿ ಯಾವುದನ್ನೂ ಮುಟ್ಟದೆ ಅಡುಗೆಮನೆಗೆ ಹೋದಳು. ಬಾಯಿ ಒಣಗಿತ್ತು.

ಕಟ್ಟೆಯ ಮೇಲೆ ಎಲ್ಲವೂ ಸಿದ್ಧವಾಗಿತ್ತು. ಮರುಬೆಳಗಿನದನ್ನು ಹಿಂದಿನ ಸಂಜೆಯೇ ಜೋಡಿಸಿಡುವುದು ಅಕ್ಕನ ಅಭ್ಯಾಸ. ಒಂದು ಖಾಲಿ ಲೋಟ, ದಾರ ಕತ್ತರಿಸುವ ಪುಟ್ಟ ಕತ್ತರಿ, ಹಿತ್ತಾಳೆಯ ಬೆರಳ ಟೋಪಿ. ಟೋಪಿಯೊಳಗೆ ಪುಡಿಮಾಡಲು ಇಟ್ಟ ಮಾತ್ರೆಯ ಒಂದು ಚೂರು. ಪಕ್ಕದಲ್ಲಿ ಹರಿದ ಮಾತ್ರೆ ಹಾಳೆಯ ಗುಳಿಯಲ್ಲಿ ಇನ್ನೊಂದು ಚೂರು, ಅಕ್ಕ ತನಗೆಂದು ಇಟ್ಟುಕೊಂಡದ್ದು.

ತಂಗಿ ಕನ್ನಡಕ ಹಾಕಿಕೊಂಡಳು. ಎರಡೂ ಚೂರನ್ನು ಅಂಗೈಯಲ್ಲಿ ಇಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಟೋಪಿಯಲ್ಲಿದ್ದದ್ದು ದೊಡ್ಡದು. ಹಾಳೆಯಲ್ಲಿದ್ದದ್ದು ಚಿಕ್ಕದು, ಕಾಲು ಭಾಗವೂ ಇರಲಿಲ್ಲ. ಅರ್ಧ ಎಂದಿದ್ದಳಲ್ಲ. ನಿನ್ನ ಕೈಗೆ ಅಳತೆ ಅನ್ನೋದೇ ಇಲ್ಲ ಎನ್ನುವ ಹಳೆಯ ಮಾತು ತನ್ನಷ್ಟಕ್ಕೆ ಬಾಯಿಗೆ ಬಂತು.

ಬಂದದ್ದು ಅಲ್ಲೇ ಉಳಿಯಿತು. ದೊಡ್ಡ ಚೂರಿನ ಮೈಮೇಲೆ ಒಂದು ಗೆರೆ ಕಾಣಿಸಿತು. ಮಾತ್ರೆಯನ್ನು ಸಮನಾಗಿ ಮುರಿಯಲೆಂದೇ ಮಾಡಿದವರು ನಡುವೆ ಎಳೆದಿದ್ದ ಗೆರೆ. ಉಗುರಿನಿಂದ ಒತ್ತಿದರೂ ಸಾಕು, ಸರಿಯಾಗಿ ಎರಡಾಗುತ್ತಿತ್ತು. ಕತ್ತರಿ ಆ ಗೆರೆಯನ್ನು ಬಿಟ್ಟು ತುಂಬ ಆಚೆಗೆ ಹೋಗಿತ್ತು. ಹೋದದ್ದು ನಡುಗಿದ ಕೈಯಲ್ಲಲ್ಲ. ಅಂಚು ನೇರವಾಗಿ, ಚೂಪಾಗಿ, ಅಕ್ಕನ ಒಳ್ಳೆಯ ದಿನಗಳ ಕಾಜಾದ ಹಾಗಿತ್ತು.

ತಂಗಿ ನೆಲದ ಮೇಲೆ ಕೂತುಬಿಟ್ಟಳು. ಇಷ್ಟು ವರ್ಷದ ಕಿತ್ತಳೆ ಹಣ್ಣುಗಳು, ಬ್ರೆಡ್ಡುಗಳು, ಅಮ್ಮ ತಂದ ಮಿಠಾಯಿಗಳು ಒಂದೊಂದೇ ನೆನಪಿಗೆ ಬಂದವು. ಒಂದನ್ನೂ ಅಕ್ಕ ಕೈತಪ್ಪಿ ಕೊಯ್ದಿರಲಿಲ್ಲ.

"ಅಕ್ಕಾ" ಎಂದಳು ಖಾಲಿ ಅಡುಗೆಮನೆಗೆ, "ಇವತ್ತು ದೊಡ್ಡದು ನೀನು ತಗೊಳ್ಳೆ." ಅಂಗೈ ಚಾಚಿಕೊಂಡೇ ಕೂತಿದ್ದಳು, ಕಿಟಕಿಯ ಬೆಳಕು ಹೋಗುವವರೆಗೆ.